ಪುಕ್ಕಟೆ ಜಿರಳೆಯ ಲೆಕ್ಕ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ. ಯಾರು ಯಾವುದಕ್ಕೆ ಖರ್ಚು ಮಾಡುತ್ತೇನೆ ಅಂದರೂ "ಅಷ್ಟ್ಯಾಕ ಬೇಕು, ಅಗ್ಗದ್ದು ಸಿಗೂದಿಲ್ಲೇನು?" ಅಂತ ಬಾಯಿಗೆ ಬಂದುಬಿಡುತ್ತದೆ. 2023ರ ಜೂನ್ ತಿಂಗಳಲ್ಲಿ ನನ್ನ ಈ ಚಟದಿಂದ ಒಂದು ಜೀವ ಹೋಯಿತು. ದೊಡ್ಡ ಜೀವವೇನಲ್ಲ, ಗೇಣುದ್ದವೂ ಇರದ ಒಂದು ಹಲ್ಲಿಮರಿ. ಆದರೆ ಅದನ್ನು ಸಾಕಿದ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ.

ಹುಡುಗನ ಹೆಸರು ಓಂಕಾರ. ಕೋಥ್ರೂಡಿನ ನಮ್ಮ ಸೊಸೈಟಿಯಲ್ಲಿ ಮೂರನೇ ಮಹಡಿ, ಆಗ ಏಳನೇ ಇಯತ್ತೆ. ಹತ್ತಿಪ್ಪತ್ತು ಸಲ ಗೋಗರೆದು ಅಪ್ಪನಿಂದ ಒಂದು ಬಿಯರ್ಡೆಡ್ ಡ್ರಾಗನ್ ಮರಿ ಕೊಡಿಸಿಕೊಂಡಿದ್ದ. ಇದು ಆಸ್ಟ್ರೇಲಿಯಾದ ಒಣ ಪ್ರದೇಶದ ಪ್ರಾಣಿ, ನಮ್ಮ ಓತಿಕ್ಯಾತದ ದೂರದ ನೆಂಟ. ಗದ್ದದ ಕೆಳಗೆ ಮುಳ್ಳುಮುಳ್ಳಾದ ಚರ್ಮ, ಸಿಟ್ಟು ಬಂದರೆ ಗಡ್ಡ ಬಿಟ್ಟಂತೆ ಉಬ್ಬಿಸುತ್ತದೆ. 1926ರಲ್ಲಿ ಎರ್ನ್‌ಸ್ಟ್ ಆಲ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. 1960ರ ದಶಕದಿಂದೀಚೆಗೆ ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳ ವ್ಯಾಪಾರದ ರಫ್ತನ್ನು ಬಿಗಿಯಾಗಿ ತಡೆದಿದೆ. ಹಾಗಾಗಿ ಇಂದು ಜಗತ್ತಿನ ಮನೆಗಳಲ್ಲಿರುವವು ಹೆಚ್ಚುಕಡಿಮೆ ಎಲ್ಲ ಪಂಜರದಲ್ಲೇ ಹುಟ್ಟಿದ ಪೀಳಿಗೆಯವು. ಊರು ನೋಡದೆ ಹುಟ್ಟಿದ ಮಕ್ಕಳು, ಥೇಟ್ ನಮ್ಮ ಮಕ್ಕಳ ಹಾಗೆ.

ಪುಣೆಯಲ್ಲಿ ಯಾರಿಗೇ ಈ ಮರಿ ತೋರಿಸಿದರೂ ಮೊದಲು ಬರುವ ಮಾತು ತಾನಾಜಿಯ ಘೋರ್ಪಡ್. 1670ರಲ್ಲಿ ಸಿಂಹಗಡ ಹತ್ತಲು ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟರೆಂಬ ಕಥೆ. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಅಂಥದೇ ಕಥೆ ನಮ್ಮ ಮುಧೋಳದ, ಸಂಡೂರಿನ ಘೋರ್ಪಡೆ ಮನೆತನಗಳ ಹೆಸರಿನ ಹಿಂದೆಯೂ ಇದೆ. ಆ ಉಡ ಏನು ತಿನ್ನುತ್ತಿತ್ತು ಅಂತ ಮಾತ್ರ ಯಾವ ಕಥೆಗಾರನೂ ಹೇಳಿದ್ದು ನಾನು ಕೇಳಿಲ್ಲ. (ಉಡವಾಗಲಿ ನಮ್ಮ ನಾಡಿನ ಬೇರೆ ವನ್ಯಪ್ರಾಣಿಯಾಗಲಿ ಮನೆಯಲ್ಲಿ ಸಾಕುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ವಿದೇಶಿ ಪ್ರಾಣಿಗಳಲ್ಲೂ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಗ್ವಾನಾದಂಥವನ್ನು 2024ರ ನಿಯಮದಂತೆ ನೋಂದಾಯಿಸಬೇಕು. ಕೊಳ್ಳುವ ಮೊದಲು ಪಟ್ಟಿ ನೋಡಿರಿ. ನಮ್ಮಲ್ಲಿ ಕೆವೈಸಿ ಇದ್ದ ಹಾಗೆ ಅಂದುಕೊಳ್ಳಿ.)

ಈ ಡ್ರಾಗನ್ ದೊಡ್ಡದಾದ ಮೇಲೆ ಸೊಪ್ಪುಸದೆಯನ್ನೇ ಹೆಚ್ಚು ತಿನ್ನುತ್ತದೆ. ಮರಿಯಾಗಿದ್ದಾಗ ಮಾತ್ರ ಅದಕ್ಕೆ ಜೀವಂತ ಹುಳ ಬೇಕು, ದಿನಕ್ಕೆ ಎರಡು ಮೂರು ಹೊತ್ತು. ಸಾಕಿದ ಹುಳಗಳನ್ನು ಮಾರುವವರಿದ್ದಾರೆ, ಡಬ್ಬಿಗಟ್ಟಲೆ ಕೊರಿಯರಿನಲ್ಲಿ ಬರುತ್ತವೆ. ಒಂದು ಸಂಜೆ ಲಿಫ್ಟಿನಲ್ಲಿ ಓಂಕಾರ "ಕಾಕಾ, ಕಿಡೇ ಖೂಪ್ ಮಹಾಗ್ ಆಹೇತ್" ಅಂದ. ಹುಳ ಬಹಳ ದುಬಾರಿಯಂತೆ. ಪಾಕೆಟ್ ಮನಿಯೆಲ್ಲ ಅದಕ್ಕೇ ಹೋಗುತ್ತಿತ್ತು. ನಾನು ನಕ್ಕು, ಹುಳಕ್ಕೆ ಯಾರಾದರೂ ದುಡ್ಡು ಕೊಡುತ್ತಾರೇನೋ ಮಾರಾಯ, ಕೆಳಗೆ ಗಟಾರದ ಮುಚ್ಚಳ ತೆಗೆದು ನೋಡು, ಪುಕ್ಕಟೆ ಜಿರಳೆ ಸಾವಿರ ಇವೆ ಅಂದೆ. ಹುಡುಗ ಹೌದಲ್ಲ ಅಂದ. ಮರುದಿನ ಗೆಳೆಯರನ್ನು ಕಟ್ಟಿಕೊಂಡು ಬಿಸ್ಲೆರಿ ಬಾಟಲಿಯ ತುಂಬ ಸಣ್ಣ ಜಿರಳೆ ಹಿಡಿದ.

ಮೂರನೇ ದಿನ ಬೆಳಿಗ್ಗೆ ಮರಿ ಅಂಗಾತ ಬಿದ್ದು ಕಾಲು ಅದುರಿಸುತ್ತಿತ್ತು. ಪಶುವೈದ್ಯರ ಹತ್ತಿರ ಒಯ್ಯುವಷ್ಟರಲ್ಲಿ ಮುಗಿದಿತ್ತು. ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು, ಲಕ್ಷಣ ನೋಡಿದರೆ ವಿಷ ಅನಿಸುತ್ತದೆ ಅಂದರಂತೆ. ಜಿರಳೆ ಹಿಡಿಯುವ ಎರಡು ದಿನ ಮೊದಲು ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ಆಗಿತ್ತು. ನನಗೆ ಅದು ಗೊತ್ತಿತ್ತು. ಬಿಲ್ಲಿಗೆ ಸಹಿ ಹಾಕಿದ ಕಮಿಟಿಯಲ್ಲಿ ನಾನೂ ಒಬ್ಬ.

ಓಂಕಾರ ಬಂದು ಬೈಯಲಿಲ್ಲ, ಅಳಲೂ ಇಲ್ಲ. "ಕಾಕಾ, ಝುರಳಾತ ಕಾಯ ಹೋತಂ?" ಅಂತ ಕೇಳಿದ. ಜಿರಳೆಯೊಳಗೆ ಏನಿತ್ತು? ಬಿಕಾಂ ಮಾಡಿದವನಿಗೆ ಉತ್ತರ ಗೊತ್ತಿರಲಿಲ್ಲ. ಅಂದಿನಿಂದ ಓದುತ್ತ ಹೋದೆ. ಓದಿದಷ್ಟೂ ಇದು ನಮ್ಮ ಮನೆಯ ಹಳೇ ಕಥೆಯೇ ಅಂತ ತಿಳಿಯಿತು.

ನಮ್ಮದು ಧಾರವಾಡದಿಂದ ಕಲಘಟಗಿ ಕಡೆ ಹೋಗುವ ಹಾದಿಯ ಹಳ್ಳಿ. ಮಲೆನಾಡಿನ ಸೆರಗು, ಚಳಿಜ್ವರದ ಸೀಮೆ. ಆಗ ಅದೆಲ್ಲ ಮುಂಬಯಿ ಪ್ರಾಂತ. ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಡಿಡಿಟಿಗೆ ಕೀಟ ಕೊಲ್ಲುವ ಗುಣ ಇದೆಯೆಂದು ಕಂಡುಹಿಡಿದ, ಯುದ್ಧದಲ್ಲಿ ಸೈನ್ಯಗಳು ಬಳಸಿದವು. ಯುದ್ಧ ಮುಗಿದ ಕೂಡಲೆ ಭಾರತದಲ್ಲಿ ಹಳ್ಳಿಯ ಮನೆಗಳ ಒಳಗೋಡೆಗೆ ಅದನ್ನು ಹೊಡೆಯುವ ಮೊದಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಧಾರವಾಡ ಮತ್ತು ಕಾರವಾರದ ಜಿಲ್ಲೆಗಳಲ್ಲೇ, 1946ರ ಸುಮಾರಿಗೆ. ಮುಂದೆ ನಿಂತು ನಡೆಸಿದವರು ಡಾ. ಡಿ.ಕೆ. ವಿಶ್ವನಾಥನ್. ಅದರ ಯಶಸ್ಸು 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮಕ್ಕೆ ದಾರಿಯಾಯಿತು. ಎಷ್ಟೋ ತಾಯಂದಿರ ಮಕ್ಕಳು ಉಳಿದರು. ನಮ್ಮ ಅವ್ವ ಉಳಿದದ್ದೂ ಅದರಿಂದಲೇ ಇರಬೇಕು. ಡಿಡಿಟಿಯನ್ನು ಬೈಯುವವರ ಸಾಲಿನಲ್ಲಿ ನಾನು ಸುಮ್ಮನೆ ಹೋಗಿ ನಿಲ್ಲಲಾರೆ.

ಅವ್ವನಿಗೆ ಆಗ ಎಂಟು ವರ್ಷ. ಖಾಕಿ ಚಡ್ಡಿಯವರು ಪಂಪು ಹೊತ್ತು ಬಂದದ್ದು, ಭಾಂಡೆ ಎಲ್ಲ ಅಂಗಳಕ್ಕೆ ತೆಗೆದಿಡಿಸಿದ್ದು, ಗೋಡೆ ತುಂಬ ಬಿಳಿ ಕಲೆ ಬಿದ್ದದ್ದು ಎಲ್ಲ ನೆನಪಿತ್ತು ಆಕೆಗೆ. "ಗುಂಗಾಡ ಹೋದವು, ತಗಣಿ ಹೋದವು, ಹೊರಸಿನ ಮ್ಯಾಲ ನಿದ್ದಿ ಹತ್ತಿತು. ನಾಕ ದಿನಾ ಆದ ಮ್ಯಾಲ ಹಲ್ಲಿ ಬೀಳಾಕ ಹತ್ತಿದವು ನೋಡು, ಜಂತ್ಯಾಗಿಂದ ಟಪಾ ಟಪಾ ಅಂತ. ಅಜ್ಜಿ ಪಂಚಾಂಗ ತಗಸಿ ಹಲ್ಲಿ ಬಿದ್ದ ಫಲಾ ನೋಡಿ ನೋಡಿ ಸಾಕಾಗಿ ಬಿಟ್ಟಳು" ಅಂತ ನಗುತ್ತಿದ್ದಳು. ಅಜ್ಜಿಯ ಬೆಕ್ಕೂ ಆ ವಾರವೇ ಸತ್ತಿತಂತೆ. ನಾವು ಅದನ್ನು ಒಂದು ತಮಾಷೆಯ ಕಥೆಯಾಗಿ ಕೇಳಿಕೊಂಡು ಬೆಳೆದೆವು. ಸತ್ತ ಹುಳ ತಿಂದ ಹಲ್ಲಿ, ಹಲ್ಲಿ ತಿಂದ ಬೆಕ್ಕು ಎಂಬ ಸರಪಳಿ ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ.

ಇದೇ ಕಥೆ ಬೋರ್ನಿಯೊ ದ್ವೀಪದ ಸರವಾಕ್‌ನಲ್ಲೂ ಇದೆ. 1950ರ ದಶಕದಲ್ಲಿ ಅಲ್ಲಿ ಮಲೇರಿಯಾ ಔಷಧಿ ಹೊಡೆದ ನಂತರ ಬೆಕ್ಕುಗಳು ಸತ್ತು ಇಲಿ ಹೆಚ್ಚಾಗಿ, 1960ರಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನದಿಂದ ಪ್ಯಾರಾಚೂಟಿನಲ್ಲಿ ಬೆಕ್ಕುಗಳನ್ನು ಇಳಿಸಿದರು. ಜಿರಳೆಯಿಂದ ಹಲ್ಲಿಗೆ, ಹಲ್ಲಿಯಿಂದ ಬೆಕ್ಕಿಗೆ ವಿಷ ಹೋಯಿತೆಂದು ಆ ಕಥೆ ಹೇಳುವವರು ಹೇಳುತ್ತಾರೆ. ಕಥೆ ಬಾಯಿಂದ ಬಾಯಿಗೆ ಬೆಳೆದದ್ದೂ ಹೌದು. ಗೋಡೆಗೆ ಮೈ ಉಜ್ಜಿದ ಬೆಕ್ಕು ತನ್ನ ತುಪ್ಪಳವನ್ನು ತಾನೇ ನೆಕ್ಕಿಕೊಂಡು ಸಾಯುವುದೂ ಸಾಧ್ಯ. ಅಜ್ಜಿಯ ಬೆಕ್ಕಿನದು ಯಾವುದೋ ಯಾರಿಗೆ ಗೊತ್ತು. ಆದರೆ ಒಬ್ಬರಿಗೆ ಕೊಟ್ಟ ಔಷಧಿ ಇನ್ನೊಬ್ಬರ ಹೊಟ್ಟೆಯಲ್ಲಿ ವಿಷವಾಗುವುದನ್ನು ನಮ್ಮ ಕಾಲದಲ್ಲೇ ಕಂಡೆವಲ್ಲ. ದನಕ್ಕೆ ನೋವಿಗೆಂದು ಡೈಕ್ಲೊಫೆನಾಕ್ ಕೊಟ್ಟರು, ಆ ದನ ಸತ್ತ ಮೇಲೆ ತಿಂದ ರಣಹದ್ದುಗಳು ಅಳಿದವು. ಕಾರಣ ಹೊರಬಿದ್ದದ್ದು 2004ರಲ್ಲಿ, ದನಗಳಿಗೆ ಅದನ್ನು ನಿಷೇಧಿಸಿದ್ದು 2006ರಲ್ಲಿ.

ಇನ್ನು ಜಿರಳೆಗೆ ಬರೋಣ. ಅವ್ವನ ಕಾಲದ ಹುಳ ಔಷಧಿ ಬಿದ್ದರೆ ಸಾಯುತ್ತಿತ್ತು, ಸತ್ತದ್ದು ಕಣ್ಣಿಗೆ ಕಾಣುತ್ತಿತ್ತು. ಜಿರಳೆ ಆ ಲೆಕ್ಕ ಕೆಡಿಸಿತು. 1950ರ ದಶಕದ ಆರಂಭದಲ್ಲೇ ಅಮೆರಿಕದ ಟೆಕ್ಸಾಸಿನಲ್ಲಿ ಕ್ಲೋರ್ಡೇನ್ ಎಂಬ ವಿಷ ತಿಂದರೂ ಸಾಯದ ಸಣ್ಣ ಜಿರಳೆಗಳು ಕಾಣಿಸಿಕೊಂಡವು. ವಿಷ ತಡೆದುಕೊಳ್ಳುವ ಹುಳ ವಿಷವನ್ನು ಮೈಮೇಲೆ, ಹೊಟ್ಟೆಯಲ್ಲಿ ಹೊತ್ತುಕೊಂಡು ಆರಾಮಾಗಿ ಓಡಾಡುತ್ತದೆ.

ಆಮೇಲೆ ಬಂದದ್ದು ಜೆಲ್. ನಿಮ್ಮ ಅಡುಗೆಮನೆಯ ಕಪಾಟಿನ ಸಂದಿಯಲ್ಲಿ ಸಿರಿಂಜಿನಿಂದ ಚುಕ್ಕೆ ಚುಕ್ಕೆ ಇಟ್ಟು ಹೋಗುತ್ತಾರಲ್ಲ, ಅದು. ಒಳಗೆ ಫಿಪ್ರೊನಿಲ್ ಅಥವಾ ಇಮಿಡಾಕ್ಲೊಪ್ರಿಡ್‌ನಂಥ ವಿಷ, ಜೊತೆಗೆ ಸಿಹಿ ಆಮಿಷ. ಇದರ ಜಾಣತನ ಇರುವುದು ನಿಧಾನದಲ್ಲಿ. ತಿಂದ ಕೂಡಲೆ ಜಿರಳೆ ಸಾಯಬಾರದು. ಗೂಡಿಗೆ ಹೋಗಬೇಕು, ಅಲ್ಲಿ ಹಿಕ್ಕೆ ಹಾಕಬೇಕು, ಸಾಯಬೇಕು, ಉಳಿದವು ಆ ಹಿಕ್ಕೆಯನ್ನೂ ಹೆಣವನ್ನೂ ತಿಂದು ತಾವೂ ಸಾಯಬೇಕು. ಗಟಾರದಲ್ಲಿ ಓಂಕಾರ ಹಿಡಿದ ಜಿರಳೆಗಳು ಚುರುಕಾಗಿ ಓಡುತ್ತಿದ್ದವು, ಅದಕ್ಕೇ ಆರೋಗ್ಯವಾಗಿವೆ ಅಂತ ನಂಬಿದ. ನಾನೂ ನಂಬುತ್ತಿದ್ದೆ. ಜೆಲ್ ಮಾಡಿದವರು ಆ ಎರಡು ಮೂರು ದಿನದ ಓಡಾಟವನ್ನು ಬೇಕಂತಲೇ ಇಟ್ಟಿದ್ದಾರೆ.

ಫಿಪ್ರೊನಿಲ್ ವಿಷಯದಲ್ಲಿ ಇನ್ನೊಂದು ಕಥೆ ಮಡಗಾಸ್ಕರಿನದು. 1990ರ ದಶಕದ ಕೊನೆಯಲ್ಲಿ ಅಲ್ಲಿ ಮಿಡತೆಯ ದಂಡು ಬಂದಾಗ ಇದನ್ನು ಹೊಡೆದರು. ಮಿಡತೆಯ ಜೊತೆ ಹುಲ್ಲು ತಿನ್ನುವ ಗೆದ್ದಲಿನ ಗೂಡುಗಳೂ ಸತ್ತವು, ಆ ಗೆದ್ದಲನ್ನು ತಿಂದು ಬದುಕುತ್ತಿದ್ದ ಹಲ್ಲಿಗಳ ಸಂಖ್ಯೆ ಇಳಿಯಿತು. 2003ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ನಮ್ಮಲ್ಲೂ 2020ರ ಮೇ ತಿಂಗಳಲ್ಲಿ ಮಿಡತೆ ದಂಡು ವಿದರ್ಭಕ್ಕೆ ಬಂದಾಗ, ಹಿಡಿದು ಕೋಳಿಗೆ ಹಾಕಿರಿ ಅಂತ ವಾಟ್ಸಾಪ್ ಪಂಡಿತರು ಹೇಳುತ್ತಿದ್ದರು. ಅವುಗಳ ಮೇಲೆ ರಾತ್ರಿ ಮೆಲಾಥಿಯಾನ್ ಹೊಡೆಯುತ್ತಿದ್ದದ್ದು ಅವರಿಗೆ ಲೆಕ್ಕಕ್ಕೆ ಬಂದಿರಲಿಲ್ಲ.

ಗೆದ್ದಲು ಅಂದಾಗ ನೆನಪಾಯಿತು. ಹಳ್ಳಿಯಲ್ಲಿ ಒರಲೆ ಹತ್ತಿದ ಕಟ್ಟಿಗೆಯ ತುಂಡನ್ನು ತಂದು ಕೋಳಿಮರಿಗಳ ಮುಂದೆ ಕೊಡವುತ್ತಿದ್ದೆವು. ಕೌಜುಗ ಸಾಕುವವರಂತೂ ಹುತ್ತ ಹುಡುಕಿಕೊಂಡೇ ತಿರುಗುತ್ತಿದ್ದರು. ಮೆತ್ತಗಿನ ಹುಳ, ಮರಿಗಳಿಗೆ ಹೇಳಿ ಮಾಡಿಸಿದ್ದು. ಹಾಗಾದರೆ ಅಪಾರ್ಟ್‌ಮೆಂಟಿನ ತೋಟದ ಗೆದ್ದಲನ್ನು ಹಲ್ಲಿಮರಿಗೆ ಹಾಕಬಹುದೇ? ಇಲ್ಲಿ ಮಾತ್ರ ನನ್ನ ಕಸುಬು ಉಪಯೋಗಕ್ಕೆ ಬಂತು. ಗೃಹಸಾಲದ ಕಡತದಲ್ಲಿ ಬಿಲ್ಡರ್‌ನ ಪುಸ್ತಿಕೆ ಇರುತ್ತದೆ, ಅದರಲ್ಲಿ "ಆಂಟಿ ಟರ್ಮೈಟ್ ಟ್ರೀಟ್‌ಮೆಂಟ್" ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಎಷ್ಟು ನೂರು ಸಲ ಓದಿ ಟಿಕ್ ಹಾಕಿದ್ದೇನೋ! ಅಡಿಪಾಯ ತೋಡಿದಾಗಲೇ ಮಣ್ಣಿಗೆ ವಿಷ ಸುರಿಯುತ್ತಾರೆ ಎಂದು ಅದರ ಅರ್ಥ. ಹಿಂದೆ ಆಲ್ಡ್ರಿನ್, ಹೆಪ್ಟಾಕ್ಲೋರ್, ಈಚೆಗೆ ಕ್ಲೋರ್‌ಪೈರಿಫಾಸ್. ಆ ಮಣ್ಣಿನ ಗೆದ್ದಲಿನ ಹೊಟ್ಟೆಯಲ್ಲಿ ಏನಿದೆಯೋ ಹೇಳುವವರು ಯಾರು.

ಮನೆ ಬೇಡ, ಗಟಾರ ಬೇಡ, ತೋಟವೂ ಬೇಡ ಅಂದರೆ ಪುಣೆಯವರಿಗೆ ಉಳಿಯುವುದು ಟೇಕಡಿ. ನಮ್ಮ ಬೆನ್ನಿಗೇ ವೇತಾಳ ಟೇಕಡಿ. ಅಲ್ಲಿ ಔಷಧಿ ಹೊಡೆಯುವವರಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಹುಳಹುಪ್ಪಡಿಯ ಜಾತ್ರೆ. ನಾನು ಇದೇ ಸರಿ ಅಂದುಕೊಂಡಿದ್ದೆ. ಎರಡನೇ ಸಲ ಬಾಯಿ ತೆರೆಯುವ ಮೊದಲು ಓದಿದ್ದು ಒಳ್ಳೆಯದಾಯಿತು.

ಟೇಕಡಿಯಲ್ಲಿ ಎಕ್ಕದ ಗಿಡ ಬಹಳ. ಹನುಮಪ್ಪನಿಗೆ ಶನಿವಾರ ಹಾರ ಮಾಡುತ್ತಾರಲ್ಲ, ಅದೇ ಎಕ್ಕ. ಅದರ ಮೇಲೆ ಕೂತಿರುವ ಹಳದಿ ನೀಲಿ ಪಟ್ಟೆಯ ದಪ್ಪ ಮಿಡತೆಯನ್ನು ನೀವು ನೋಡಿರಬಹುದು. ಹಿಡಿಯಲು ಹೋದರೆ ಓಡುವುದೂ ಇಲ್ಲ. ಓಡಬೇಕಾದ ಗರಜು ಅದಕ್ಕಿಲ್ಲ. ಎಕ್ಕದ ಹಾಲಿನಲ್ಲಿ ಹೃದಯಕ್ಕೆ ಬಡಿಯುವ ವಿಷ ಇದೆ. ಈ ಮಿಡತೆ ಗಿಡ ತಿಂದು ಆ ವಿಷವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಹಿಚುಕಿದರೆ ಚಿಮ್ಮಿಸುತ್ತದೆ ಕೂಡ. ಇದೇ ಬಳಗದ ಇನ್ನೊಂದು ಮಿಡತೆಯಲ್ಲಿ ಈ ಸಂಗತಿಯನ್ನು ವಿಜ್ಞಾನಿಗಳು 1967ರಲ್ಲಿ ತೋರಿಸಿಕೊಟ್ಟರು. ಎಕ್ಕದ ಮೇಲಿನ ಪಟ್ಟೆ ಪಟ್ಟೆ ಕಂಬಳಿಹುಳವೂ (ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುವುದು) ಇದೇ ದಂಧೆಯದು. ಗಣಪತಿ ಹಬ್ಬದ ದಿನಗಳಲ್ಲಿ ಹೂವು ತಿನ್ನುತ್ತ ಕೂರುವ, ಕಪ್ಪು ಕಿತ್ತಳೆ ಪಟ್ಟಿಯ ಜೀರುಂಡೆಗಳಿವೆಯಲ್ಲ, ಮುಟ್ಟಿದರೆ ಕೈ ಬೊಬ್ಬೆ ಬರುವಂಥವು, ಅವುಗಳಲ್ಲಿ ಕ್ಯಾಂಥರಿಡಿನ್. ಅದು ಕುದುರೆಯನ್ನೂ ಕೊಲ್ಲಬಲ್ಲ ವಿಷ. ಹಲ್ಲಿಮರಿ ಯಾವ ಲೆಕ್ಕ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ನಮ್ಮ ಓತಿಕ್ಯಾತವೂ ಅದೇ ಟೇಕಡಿಯಲ್ಲಿ ಬದುಕುತ್ತದಲ್ಲ, ಅದಕ್ಕೇಕೆ ಏನೂ ಆಗುವುದಿಲ್ಲ? ಇದಕ್ಕೆ ಉತ್ತರ ಮಿಂಚುಹುಳದಲ್ಲಿ ಸಿಕ್ಕಿತು. ಅಮೆರಿಕದಲ್ಲಿ 1990ರ ದಶಕದಲ್ಲಿ ಕೆಲವರು ಸಾಕಿದ ಬಿಯರ್ಡೆಡ್ ಡ್ರಾಗನ್‌ಗಳು ಇದ್ದಕ್ಕಿದ್ದಂತೆ ಬಾಯಿ ತೆರೆದು, ಮೈ ಕಪ್ಪಾಗಿ, ಒಂದೆರಡು ತಾಸಿನೊಳಗೆ ಸತ್ತವು. ಮನೆಯವರು ಪ್ರೀತಿಯಿಂದ ಹಿತ್ತಿಲಿನ ಮಿಂಚುಹುಳ ತಿನ್ನಿಸಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಜೊತೆಗಾರರು 1999ರಲ್ಲಿ ಇದನ್ನು ಬರೆದರು. ಅಲ್ಲಿನ ಮಿಂಚುಹುಳದ ಮೈಯಲ್ಲಿ ಲೂಸಿಬುಫಾಜಿನ್ ಎಂಬ ವಿಷ, ಕಪ್ಪೆಯ ಚರ್ಮದ ವಿಷಕ್ಕೆ ಹತ್ತಿರದ್ದು. ಒಂದೇ ಹುಳ ಸಾಕು. ಸ್ಥಳೀಯ ಪ್ರಾಣಿಗಳಲ್ಲಿ ಎಷ್ಟೋ ಅದನ್ನು ಬಾಯಿಗೆ ಹಾಕುವುದೇ ಇಲ್ಲ, ಹಾಕಿದರೂ ಉಗುಳುತ್ತವೆ. ಆಸ್ಟ್ರೇಲಿಯಾದ ಈ ಪ್ರಾಣಿಯ ಪೂರ್ವಜರಿಗೆ ಅಮೆರಿಕದ ಮಿಂಚುಹುಳದ ಪರಿಚಯವೇ ಇರಲಿಲ್ಲ. ಮಿಣುಕುವುದನ್ನು ಕಂಡು ಗಬಕ್ಕನೆ ನುಂಗಿತು.

ಮೇ ಕೊನೆಗೆ, ಜೂನ್ ಮೊದಲಿಗೆ ರಾಜಮಾಚಿ, ಭೀಮಾಶಂಕರದ ಕಡೆ ಕಾಜವೆ ನೋಡಲು ಪುಣೆಯ ಮಂದಿ ಕಾರು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಮಿಂಚುಹುಳ ಬೇರೆ ಜಾತಿಯದು. ಇರಲಿ, ಓಂಕಾರನ ಹಲ್ಲಿಯ ಮೇಲೆ ಪ್ರಯೋಗ ಮಾಡಿ ನೋಡುವ ಕೆಲಸ ನಮ್ಮದಲ್ಲ. ಪರದೇಶದ ಪ್ರಾಣಿಗೆ ಇಲ್ಲಿನ ಒಳ್ಳೆಯದು ಕೆಟ್ಟದ್ದು ತಿಳಿಯದು, ಬಾಯಿಗೆ ಬಂದದ್ದನ್ನು ನಂಬುತ್ತದೆ. ನಾನು 1990ರ ದಶಕದಲ್ಲಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಾಗ ಮೊದಲ ತಿಂಗಳು ತಿಂದ ಮಿಸಳ್‌ನ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಹೀಗೆ ಹಿಡಿದ ಹುಳಗಳ ಬಾಗಿಲೆಲ್ಲ ಮುಚ್ಚಿದ ಮೇಲೆ ಉಳಿದದ್ದು ಸಾಕಿದ ಹುಳ. ಮೇಯುವ ಪ್ರಾಣಿಗೆ ಮೇವು ಬೆಳೆದಂತೆ ಹುಳವನ್ನು ಬೆಳೆಯುವುದು ಹೊಸ ಚಾಳಿ ಅಂದುಕೊಂಡಿದ್ದೆ. ಜರ್ಮನಿಯ ಬೆಖ್‌ಸ್ಟೈನ್ ಎಂಬಾತ 1795ರಲ್ಲಿ ಪಂಜರದ ಹಕ್ಕಿಗಳ ಮೇಲೆ ಒಂದು ಪುಸ್ತಕ ಬರೆದ. ನೈಟಿಂಗೇಲ್ ಸಾಕುವವರು ಮಡಕೆಯಲ್ಲಿ ಗೋಧಿಯ ತೌಡು ಹಾಕಿ ಹಿಟ್ಟಿನ ಹುಳ ಬೆಳೆಸುವ ರೀತಿ ಅದರಲ್ಲಿದೆ. ಇಂದು ಮೀಲ್‌ವರ್ಮ್ ಎಂದು ಮಾರುವುದು ಅದೇ ಹುಳ. ಪುಣೆಯಲ್ಲಿ ಅರೋವಾನಾ ಮೀನು ಸಾಕುವವರಿಗಾಗಿ ಅಂಗಡಿಗಳು ಇಡುವ ಸೂಪರ್‌ವರ್ಮ್ ಅದರ ದೊಡ್ಡ ಅಣ್ಣ, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಸಿಪ್ಪೆ ಗಟ್ಟಿ, ಎಳೆಯ ಮರಿಗೆ ಅದು ಬೇಡ.

ಮಳೆಗಾಲದ ರಾತ್ರಿ ಕಿರ್ರೆನ್ನುವ ಕ್ರಿಕೆಟ್ ಹುಳವನ್ನು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ 1940ರ ದಶಕದಿಂದಲೇ ಫಾರ್ಮ್‌ಗಳಲ್ಲಿ ಬೆಳೆಸುತ್ತಿದ್ದರು, ಗಾಳದ ಮೀನಿಗೆಂದು. ಆಮೇಲೆ ಹಲ್ಲಿ ಸಾಕುವವರು ಗಿರಾಕಿಗಳಾದರು. ಒಂದೇ ಜಾತಿ, ಒತ್ತೊತ್ತಾಗಿ ಲಕ್ಷಗಟ್ಟಲೆ. ಅದಕ್ಕೆ ಬಡಿಯುವ ವೈರಸ್ ಯೂರೋಪಿನಲ್ಲಿ 1977ರಲ್ಲೇ ಗೊತ್ತಾಗಿತ್ತು. 2009-10ರಲ್ಲಿ ಅಮೆರಿಕಕ್ಕೆ ಹಬ್ಬಿ ಫಾರ್ಮ್‌ಗಳೇ ಮುಚ್ಚಿದವು. ವೈರಸ್ ಹಲ್ಲಿಗೇನೂ ಮಾಡುವುದಿಲ್ಲ, ಸಾಕಿದವನ ಸಾಲ ಮಾತ್ರ ಎನ್‌ಪಿಎ.

ಆದರೆ ಹುಳ ಸಾಕುವ ವಿದ್ಯೆಯಲ್ಲಿ ನಮಗಿಂತ ಹಳಬರು ಯಾರು? ಟಿಪ್ಪು 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಹುಳ ತರಿಸಿದ. ಬೆಂಗಳೂರಿನ ಟಾಟಾ ಸಿಲ್ಕ್ ಫಾರ್ಮ್ ಬಸ್ ಸ್ಟಾಪಿನಲ್ಲಿ ಇಳಿದವರಿಗೆಲ್ಲ ಗೊತ್ತಿರಲಿಕ್ಕಿಲ್ಲ, 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನವರನ್ನು ಕರೆಸಿ ಅಲ್ಲಿ ಹುಳ ಸಾಕಿಸಿದ್ದರು. ಫ್ರಾನ್ಸಿನಲ್ಲಿ ಗಂಟುರೋಗದಿಂದ ರೇಷ್ಮೆ ಮುಳುಗುತ್ತಿದ್ದಾಗ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಅದರ ಹಿಂದೆ ಬಿದ್ದ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗವಿದ್ದರೆ ಮೊಟ್ಟೆ ಸುಡು ಎಂಬ ಪದ್ಧತಿ ಅವನದು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಅದೇ ಪರೀಕ್ಷೆ. ಜಾಮೀನಿಲ್ಲದೆ ಮೊಟ್ಟೆ ಹೊರಗೆ ಬಿಡುವುದಿಲ್ಲ.

ರೇಷ್ಮೆಹುಳದ ಇನ್ನೊಂದು ಗುಣ ನನ್ನನ್ನು ಹಿಡಿದು ನಿಲ್ಲಿಸಿತು. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ಇಷ್ಟು ದಿನ ಸೊಪ್ಪು ಕೊಯ್ಯಬಾರದು ಅಂತ ರಾಮನಗರ, ಶಿಡ್ಲಘಟ್ಟದ ಕಡೆ ಪ್ರತಿ ರೈತನಿಗೂ ಗೊತ್ತು. ಪಕ್ಕದ ಹೊಲದ ಹೊಗೆಸೊಪ್ಪಿನ ಗಾಳಿ ತಾಗಿದ ಸೊಪ್ಪು ತಿಂದರೂ ಹುಳ ಸಾಯುತ್ತದೆ. ನುವಾನ್ ಹೊಡೆದು ಅವಸರ ಮಾಡಿದವರ ತಟ್ಟೆಗಳೇ ಖಾಲಿಯಾದದ್ದುಂಟು (ಅದರಲ್ಲಿದ್ದ ಡೈಕ್ಲೊರ್ವಾಸ್ ಅನ್ನು 2020ರ ಕೊನೆಯ ದಿನದಿಂದ ದೇಶದಲ್ಲೇ ನಿಷೇಧಿಸಿದರು). ಅಂದರೆ ಜ್ವರ ಎದ್ದು, ಸೊಪ್ಪು ತಿನ್ನುತ್ತ ಬೆಳೆಯುತ್ತಿರುವ ರೇಷ್ಮೆಹುಳ ತಾನು ತಿಂದ ಸೊಪ್ಪಿಗೆ ತಾನೇ ಸಾಕ್ಷಿ. ಜಿರಳೆ ಬದುಕಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ರೇಷ್ಮೆಹುಳ ಬದುಕಿದ್ದರೆ ಸೊಪ್ಪಿನ ಮಟ್ಟಿಗೆ ಬಹಳಷ್ಟು ಗೊತ್ತಾಗುತ್ತದೆ. ಮೆತ್ತಗಿನ ಮೈ, ಕಚ್ಚುವುದಿಲ್ಲ, ಓಡುವುದಿಲ್ಲ. ಚಾಕಿ ಹುಳುವಂತೂ ಮರಿಯ ಬಾಯಿಗೆ ಸರಿಯಾದ ಅಳತೆ.

ಇದನ್ನು ಓದಿ ಉಬ್ಬಿಹೋಗಿ, ಮೈಸೂರು ಕಡೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ, ರೈತರ ಮನೆಯಿಂದ ಒಂದು ಬುಟ್ಟಿ ಹುಳ ಕಳಿಸುತ್ತೀರಾ ಅಂದೆ. ಅವರ ಭಾವ ರೇಷ್ಮೆ ಇಲಾಖೆಯಲ್ಲಿದ್ದವರು, ಫೋನ್ ತೆಗೆದುಕೊಂಡು "ಬೇಡಿ ಸಾರ್" ಅಂದರು. ಸಾಕಾಣಿಕೆ ಮನೆಯಲ್ಲಿ ಹುಳದ ಮೇಲೆ 'ವಿಜೇತ' ಎಂಬ ಪುಡಿ ಉದುರಿಸುತ್ತಾರೆ, ರೋಗ ಬಾರದಿರಲೆಂದು. ಅದರಲ್ಲಿ ಸುಣ್ಣದ ಜೊತೆ ಪ್ಯಾರಾಫಾರ್ಮಾಲ್ಡಿಹೈಡ್ ಇರುತ್ತದೆ. 1980ರಲ್ಲಿ ಬಂಗಾಳದಿಂದ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಅದಕ್ಕೊಂದು ಔಷಧಿ ಬೇರೆ. ರೈತನಿಗೆ ಬೇಕಾದದ್ದು ನೂಲು, ಅವನು ಮಾಡುವುದು ಸರಿಯೇ ಇದೆ. ಹಲ್ಲಿಗೆ ಬೇಕಾದರೆ ಮೊಟ್ಟೆ ತರಿಸಿ, ನಿಮ್ಮ ಮನೆಯಲ್ಲೇ, ನೀವು ನೋಡಿದ ಮರದ ಸೊಪ್ಪು ಹಾಕಿ ಸಾಕಿ ಅಂದರು. ಸಾಕ್ಷಿ ಸೊಪ್ಪಿನ ಮಟ್ಟಿಗೆ ಮಾತ್ರ ಎಂದು ಆಗ ಅರ್ಥವಾಯಿತು. ಮರಾಠವಾಡದಲ್ಲೂ ಈಗ ರೇಷ್ಮೆ ಇದೆ. ಹಿಂದೆ ಗೂಡು ಮಾರಲು ರಾಮನಗರದವರೆಗೆ 'ಲಾಂಬ್‌ಚಾ ಪ್ರವಾಸ' ಮಾಡುತ್ತಿದ್ದ ಅಲ್ಲಿನ ರೈತರಿಗೆ 2018ರಲ್ಲಿ ಜಾಲ್ನಾದಲ್ಲೇ ಮಾರುಕಟ್ಟೆ ಆಯಿತು. ಮೊಟ್ಟೆಗೆ ಮೈಸೂರಿನವರೆಗೆ ಹೋಗಬೇಕಿಲ್ಲ.

ವಿಷ ತಪ್ಪಿದರೆ ಎಲ್ಲ ಮುಗಿಯಿತೇ ಅಂದರೆ ಅದೂ ಇಲ್ಲ. ಹುಳಕ್ಕೆ ಎಲುಬಿಲ್ಲ, ಹಾಗಾಗಿ ಸುಣ್ಣದಂಶ ಕಡಿಮೆ, ರಂಜಕ ಹೆಚ್ಚು. ಕ್ರಿಕೆಟ್ ಹುಳದಲ್ಲಿ ಸುಣ್ಣಕ್ಕಿಂತ ರಂಜಕ ಏಳು ಪಟ್ಟು, ಮೀಲ್‌ವರ್ಮ್‌ನಲ್ಲಿ ಹದಿನೈದು ಪಟ್ಟಿಗೂ ಮೇಲೆ. ಬರೀ ಅದನ್ನೇ ತಿಂದ ಮರಿಯ ದವಡೆ ರಬ್ಬರಿನಂತಾಗುತ್ತದೆ, ಬೆನ್ನು ಡೊಂಕಾಗುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಮೇರಿ ಅಲೆನ್ ಮತ್ತು ಓಲಾವ್ ಆಫ್ಟೆಡಾಲ್ 1989ರಲ್ಲಿ ಒಂದು ಸರಳ ಉಪಾಯ ಪ್ರಕಟಿಸಿದರು. ಹುಳಕ್ಕೇ ಎರಡು ದಿನ ಸುಣ್ಣದಂಶ ತುಂಬಿದ ಆಹಾರ ತಿನ್ನಿಸಿ, ಅದರ ಹೊಟ್ಟೆ ತುಂಬಿರುವಾಗಲೇ ಹಲ್ಲಿಗೆ ಕೊಡಿ. ಹುಳದ ಹೊಟ್ಟೆಯಲ್ಲಿದ್ದದ್ದೇ ಹಲ್ಲಿಯ ಊಟ. ಓಂಕಾರ ಕೇಳಿದ ಪ್ರಶ್ನೆಗೆ ಉತ್ತರ ಬರೆದಿಟ್ಟು ಮೂವತ್ತನಾಲ್ಕು ವರ್ಷವಾಗಿತ್ತು.

ಸುಣ್ಣದಂಶ ತಾನೇ ತುಂಬಿಕೊಂಡ ಹುಳವೂ ಒಂದಿದೆ. ಬ್ಲ್ಯಾಕ್ ಸೋಲ್ಜರ್ ಎಂಬ ಕಪ್ಪು ನೊಣದ ಮರಿ. ಹಸಿ ಕಸದಿಂದ ಗೊಬ್ಬರ ಮಾಡಿದರೆ ಪುಣೆ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ, ಆ ಆಸೆಗೆ ಸೊಸೈಟಿಗಳಲ್ಲಿ ಡ್ರಮ್ಮುಗಳು ಬಂದಿವೆ. ಅದರೊಳಗೆ ಬಿಳಿಚಿಕೊಂಡ ಹುಳ ಕಂಡು ಹೆಂಗಸರು ಕಿರುಚುತ್ತಾರಲ್ಲ, ಬಹಳ ಸಲ ಅದೇ. ನನ್ನ ಕೈ ಮತ್ತೆ ತುರಿಸಿತು, ಪುಕ್ಕಟೆ! ಆದರೆ ಡ್ರಮ್ಮಿಗೆ ಯಾರು ಏನು ಹಾಕುತ್ತಾರೋ ದೇವರಿಗೇ ಗೊತ್ತು, ನಮ್ಮದರಲ್ಲಿ ಪೇಂಟಿನ ಬ್ರಶ್ ಸಿಕ್ಕಿತ್ತು. ಈ ಹುಳ ಕ್ಯಾಡ್ಮಿಯಂನಂಥ ಲೋಹವನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ತರಕಾರಿ ಸಿಪ್ಪೆಯ ಮೇಲೆ ಮನೆಯಲ್ಲೇ ಬೆಳೆಸಿದ್ದಾದರೆ ಸರಿ.

ಓಂಕಾರನ ಅಪ್ಪ 2024ರಲ್ಲಿ ಇನ್ನೊಂದು ಮರಿ ಕೊಡಿಸಿದರು. ನಾನು ಕೇಳದೆಯೇ ಹುಳದ ಖರ್ಚು ನನ್ನದು ಅಂದೆ. ನಮ್ಮ ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಬೆಖ್‌ಸ್ಟೈನ್ ಹೇಳಿದಂತೆ ತೌಡು, ಒಂದು ಗಜ್ಜರಿ ತುಂಡು. ಎಳೆಯ ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹುಳ ದೊಡ್ಡದಿರಬಾರದು ಅಂತ ಓಂಕಾರ ಕಾರ್ಡಿನಲ್ಲಿ ತೂತು ಕೊರೆದು ಜರಡಿ ಮಾಡಿದ್ದಾನೆ. ಮೀಲ್‌ವರ್ಮ್ ಕಡಿಮೆ, ಮನೆಯಲ್ಲಿ ಮೊಟ್ಟೆಯಿಂದ ಸಾಕಿದ ರೇಷ್ಮೆಹುಳ ಮತ್ತು ತರಿಸಿದ ಕ್ರಿಕೆಟ್ ಹೆಚ್ಚು. ಮೇಲೆ ಚಿಟಿಕೆ ಸುಣ್ಣದ ಪುಡಿ (ಎಲೆ ಅಡಿಕೆಯ ಸುಣ್ಣ ಅಲ್ಲ, ಪಶುವೈದ್ಯರು ಹೇಳಿದ ಕ್ಯಾಲ್ಸಿಯಂ) ಮತ್ತು ಅದು ಮೈಗೆ ಹತ್ತಲು ಪಂಜರದಲ್ಲಿ ಯುವಿಬಿ ದೀಪ. ನನ್ನ ಹೆಂಡತಿ ಆ ಬಾಲ್ಕನಿಗೆ ಬಟ್ಟೆ ಒಣಗಿಸಲು ಹೋಗುವುದನ್ನು ಬಿಟ್ಟು ವರ್ಷವಾಯಿತು.

ಕಮಿಟಿಯಲ್ಲಿ ಒಂದು ಠರಾವು ಮಾಡಿಸಿದ್ದೇನೆ. ಪೆಸ್ಟ್ ಕಂಟ್ರೋಲ್ ಮಾಡುವ ಮೂರು ದಿನ ಮೊದಲು ಯಾವ ಔಷಧಿ, ಎಲ್ಲೆಲ್ಲಿ ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಬೇಕು. ಸೆಕ್ರೆಟರಿ ಮೊದಲು "ಹಲ್ಲಿಗೋಸ್ಕರ ನೋಟೀಸಾ?" ಅಂತ ನಕ್ಕರು. ಅವರ ಮೊಮ್ಮಗ ಎಲ್ಲೆಂದರಲ್ಲಿ ಅಂಬೆಗಾಲಿಡುತ್ತಾನೆ ಅಂತ ನೆನಪಿಸಿದ ಮೇಲೆ ಸಹಿ ಹಾಕಿದರು. ಈ ಸಲದ ಚೀಟಿ ನಿನ್ನೆ ಬಿದ್ದಿದೆ, ಗುರುವಾರ ಮೂರನೇ ಮಹಡಿಗೆ ಬರುತ್ತಾರೆ. ಓಂಕಾರ ಸಂಜೆ ಬಂದು ಹಲ್ಲಿಯ ಪಂಜರವನ್ನು ನಮ್ಮ ದೇವರ ಕೋಣೆಯ ಪಕ್ಕ ಇಟ್ಟು ಹೋಗಿದ್ದಾನೆ. ನಮ್ಮ ಫ್ಲ್ಯಾಟಿನಲ್ಲಿ ಈ ಬಾರಿ ಜೆಲ್ ಬೇಡ ಅಂತ ಬರೆದುಕೊಟ್ಟಿದ್ದೇನೆ.